ತಾಯಿ ಕಾರ್ಡಿನಲ್ಲಿ ಮಾತಿಗೊಂದು ಕಾಲಂ ಇಲ್ಲ

ತಿಂಗಳ ಒಂಬತ್ತನೇ ತಾರೀಖು ಬಂತೆಂದರೆ ಸರ್ಕಾರಿ ಆಸ್ಪತ್ರೆಗಳ ಅಂಗಳದ ತುಂಬ ಬಸುರಿಯರು. 2016ರಲ್ಲಿ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಶುರುವಾದಾಗಿನಿಂದ ಆ ದಿನ ಗರ್ಭಿಣಿಯರ ತಪಾಸಣೆಗೇ ಮೀಸಲು. ಈಚೆಗೆ ಅಂಥದೊಂದು ಒಂಬತ್ತರಂದು ಗಡಿ ತಾಲ್ಲೂಕೊಂದರ ಪ್ರಾಥಮಿಕ ಆರೋಗ್ಯ ಕೇಂದ್ರದ ಜಗಲಿಯಲ್ಲಿ ಮಧ್ಯಾಹ್ನದವರೆಗೆ ಕುಳಿತಿದ್ದೆ. ಮೇಜಿನ ಹಿಂದೆ ಸಿಸ್ಟರ್, ಅವರ ಮುಂದೆ ದಪ್ಪನೆಯ ರಿಜಿಸ್ಟರ್, ಪಕ್ಕದಲ್ಲಿ ತೂಕದ ಯಂತ್ರ. ಸಾಲು ಸರಿಯುತ್ತಿತ್ತು.

"ಎಷ್ಟನೇದು?"

"ಎರಡನೇದು."

"ಹತ್ತು ಮೇಲೆ. ಐವತ್ತೊಂದು. ಕೈ ಕೊಡು. ಮಾತ್ರೆ ತಗೊಂತಿದ್ದೀಯಾ?"

"ಹೂಂ."

"ಮುಂದಿನ ತಿಂಗಳು ಬಾ."

ಅಷ್ಟರಲ್ಲಿ ತೂಕ, ಬಿಪಿ, ಹಿಮೋಗ್ಲೋಬಿನ್ ಎಲ್ಲ ತಾಯಿ ಕಾರ್ಡಿಗೆ ಏರಿದ್ದವು. ಒಂದು ಕಾಲಮ್ಮೂ ಖಾಲಿ ಉಳಿದಿರಲಿಲ್ಲ. ಕಾರ್ಡಿನ ಮೇಲೊಂದು ಕೆಂಪು ಸ್ಟಿಕ್ಕರ್ ಕೂಡ ಬಿದ್ದಿತ್ತು. ಆ ಹೆಣ್ಣುಮಗಳು ಹೊರಗೆ ಹೊಂಗೆ ಮರದ ಕೆಳಗೆ ಬಂದು ಕುಳಿತು, ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗುರುತು ಪರಿಚಯ ಇಲ್ಲದ ನನ್ನನ್ನೇ ಕೇಳಿದಳು: "ಅಕ್ಕಾ, ಈ ಕೆಂಪು ಚೀಟಿ ಯಾಕೆ ಅಂಟಿಸಿದ್ರು? ಮಗೀಗೇನಾರ ಆಗೈತಾ?"

ಕೆಂಪು ಸ್ಟಿಕ್ಕರ್ ಎಂದರೆ ಈ ತಾಯಿಯ ಕಡೆ ಹೆಚ್ಚು ನಿಗಾ ಇರಲಿ ಎಂದು ಆಸ್ಪತ್ರೆಯವರು ತಮ್ಮತಮ್ಮಲ್ಲಿ ಮಾಡಿಕೊಂಡ ಗುರುತು. ತೊಂದರೆ ಕಾಣದವರ ಕಾರ್ಡಿಗೆ ಹಸಿರು ಬೀಳುತ್ತದೆ. ಅವಳಿಗೆ ರಕ್ತ ಕಡಿಮೆ ಇತ್ತು, ಅದಕ್ಕೆ ಕೆಂಪು. ಹೇಳುವುದಕ್ಕೆ ಒಂದು ನಿಮಿಷ ಬೇಕಿರಲಿಲ್ಲ. ಹೇಳದೇ ಹೋದದ್ದರಿಂದ ಅವಳು ಹೊರಗೆ ಹೊತ್ತು ಬಂದದ್ದು ಒಂದು ಭಯವನ್ನು. ಒಳಗೆ ಹೇಳಿದ ಆ "ಹೂಂ" ಕೂಡ ನಿಜವಾಗಿರಲಿಲ್ಲ. ಮಾತಿಗೆ ಮಾತು ಬೆಳೆದ ಮೇಲೆ ತಾನಾಗಿಯೇ ಹೇಳಿದಳು, ಮಾತ್ರೆಯ ಪಟ್ಟಿಗಳು ಮನೆಯ ಅಕ್ಕಿ ಡಬ್ಬದ ಹಿಂದೆ ಹಾಗೇ ಕುಳಿತಿವೆ ಎಂದು.

ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ 2005ರಲ್ಲಿ ಶುರುವಾಗಿ ಎರಡು ದಶಕ ತುಂಬಿತು. ಜನನಿ ಸುರಕ್ಷಾ ಯೋಜನೆ ಬಂದದ್ದೂ ಅದೇ ವರ್ಷ, ಆಶಾ ಎಂಬ ಹೆಸರು ಹುಟ್ಟಿದ್ದೂ ಆಗಲೇ. ಈ ಇಪ್ಪತ್ತು ವರ್ಷದಲ್ಲಿ ನಮ್ಮ ರಾಜ್ಯದ ಬಸುರಿ ಬಾಣಂತಿಯರಿಗೆ ಏನಾಯಿತು ಎಂದು ಹಿಂತಿರುಗಿ ನೋಡಲು ಕುಳಿತಾಗ ಆ ಹೊಂಗೆ ಮರದ ಕೆಳಗಿನ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ಮೊದಲು ಆದ ಒಳ್ಳೆಯದನ್ನು ಹೇಳಬೇಕು, ಏಕೆಂದರೆ ಅದು ಸಣ್ಣದಲ್ಲ. 2001-03ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಕ್ಕೆ 228 ತಾಯಂದಿರು ಸಾಯುತ್ತಿದ್ದರು. 2018-20ರ ಹೊತ್ತಿಗೆ ಆ ಸಂಖ್ಯೆ 69ಕ್ಕೆ ಇಳಿಯಿತು. 2005-06ರಲ್ಲಿ ನೂರರಲ್ಲಿ ಸುಮಾರು 65 ಹೆರಿಗೆ ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅದು 97. ನಡುವೆ ಮಡಿಲು ಕಿಟ್ ಬಂತು, 108 ಆಂಬುಲೆನ್ಸ್ ಬಂತು, 2011ರಲ್ಲಿ ಹೆರಿಗೆ, ಔಷಧ, ಊಟ, ವಾಹನ ಎಲ್ಲ ಉಚಿತ ಎನ್ನುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಬಂತು, 2017ರಲ್ಲಿ ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸುವ ಮಾತೃಪೂರ್ಣ ಬಂತು. ಹೆರಿಗೆ ನೋವು ಬಂದಾಗ ಎತ್ತಿನ ಗಾಡಿ ಹುಡುಕಿಕೊಂಡು ಹೋದ ತಲೆಮಾರು ಇನ್ನೂ ನಮ್ಮ ನಡುವೆಯೇ ಇದೆ. ಅವರಲ್ಲಿ ಯಾರನ್ನು ಕೇಳಿದರೂ ಈ ಬದಲಾವಣೆಯ ತೂಕ ಎಷ್ಟು ಎಂದು ಹೇಳುತ್ತಾರೆ.

ಇಷ್ಟೆಲ್ಲ ಏರಿಳಿತಗಳ ನಡುವೆ ಅಲ್ಲಾಡದೆ ನಿಂತ ಅಂಕಿಗಳೂ ಇವೆ. ಕನಿಷ್ಠ ನಾಲ್ಕು ಬಾರಿ ತಪಾಸಣೆಗೆ ಬಂದ ಬಸುರಿಯರು 2015-16ರ ಸಮೀಕ್ಷೆಯಲ್ಲೂ ನೂರಕ್ಕೆ 70ರ ಆಸುಪಾಸು, ಐದು ವರ್ಷದ ನಂತರವೂ 70ರ ಆಸುಪಾಸು. ರಕ್ತಹೀನತೆ ಇರುವ ಬಸುರಿಯರು ಆಗಲೂ ನೂರಕ್ಕೆ ಸುಮಾರು 45, ಐದು ವರ್ಷದ ನಂತರವೂ ಸುಮಾರು 45. ಕಬ್ಬಿಣದ ಮಾತ್ರೆಯನ್ನು ನೂರು ದಿನ ತೆಗೆದುಕೊಂಡೆ ಎಂದವರು ಎರಡೂ ಸಲ ಅರ್ಧಕ್ಕಿಂತ ಕಡಿಮೆ. ಮಾತ್ರೆ ಅಂಗನವಾಡಿ, ಉಪಕೇಂದ್ರ, ಆಶಾ ಚೀಲ ಎಲ್ಲ ಕಡೆಯೂ ಇದೆ. ಉಚಿತವಾಗಿ ಇದೆ. ಆದರೂ ಹೊಟ್ಟೆ ಸೇರುತ್ತಿಲ್ಲ.

ಈ ಕೆಂಪು ಮಾತ್ರೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಬಸುರಿ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯಾದ ಮೇಲೆ ಇನ್ನೂ 180 ದಿನ ಇದನ್ನು ನುಂಗಬೇಕು. ನುಂಗಿದ ಮೊದಲ ವಾರದಲ್ಲೇ ಮಲ ಕಪ್ಪಾಗುತ್ತದೆ. ಕೆಲವರಿಗೆ ಹೊಟ್ಟೆ ತೊಳಸುತ್ತದೆ, ಕೆಲವರಿಗೆ ಕಟ್ಟಿಕೊಳ್ಳುತ್ತದೆ. ಮೊದಲೇ ವಾಂತಿಯಲ್ಲಿ ಬೆಂದ ಹೆಣ್ಣುಮಗಳು ಇದನ್ನು ಕಂಡು ಗಾಬರಿಯಾಗುವುದು ಸಹಜ. ಮನೆಯಲ್ಲಿ ಅತ್ತೆಯೋ ಓರಗಿತ್ತಿಯೋ ಒಂದು ಮಾತು ಸೇರಿಸುತ್ತಾರೆ: "ಮಗು ಕಪ್ಪಗೆ ಹುಟ್ಟುತ್ತೆ", ಇಲ್ಲವೇ "ಮಗು ದಪ್ಪ ಬೆಳೆದು ಹೆರಿಗೆ ಕಷ್ಟ ಆಗುತ್ತೆ". ಅಲ್ಲಿಗೆ ಪಟ್ಟಿ ಅಕ್ಕಿ ಡಬ್ಬದ ಹಿಂದೆ ಸೇರಿತು.

ಮಾತ್ರೆ ಕೈಗಿಡುವಾಗಲೇ ಸಿಸ್ಟರ್ ನಾಲ್ಕು ಮಾತು ಹೇಳಿದ್ದರೆ? "ಕಪ್ಪಗೆ ಹೋಗುತ್ತಮ್ಮ, ಹೆದರಬೇಡ, ಅದು ಮಾತ್ರೆಯ ಬಣ್ಣ, ಮಗೂಗೂ ಅದಕ್ಕೂ ಸಂಬಂಧ ಇಲ್ಲ. ರಾತ್ರಿ ಉಂಡ ಮೇಲೆ ತಗೊಂಡು ಮಲಗು, ತೊಳಸೋದು ಗೊತ್ತಾಗಲ್ಲ. ಕಾಫಿ ಟೀ ಜೊತೆ ಬೇಡ, ನಿಂಬೆಹಣ್ಣಿನ ಪಾನಕ ಆದರೆ ಒಳ್ಳೇದು. ಬಿಳಿ ಕ್ಯಾಲ್ಸಿಯಂ ಮಾತ್ರೇನ ಇದರ ಜೊತೆ ತಗೋಬೇಡ, ಅದಕ್ಕೆ ಬೇರೆ ಹೊತ್ತು." ಇದರಲ್ಲಿ ಎಲ್ಲವೂ ವೈದ್ಯಕೀಯ ಸತ್ಯವೇ. ಟೀ ಕಾಫಿ ಕಬ್ಬಿಣಾಂಶ ಹೀರಿಕೊಳ್ಳುವುದನ್ನು ತಡೆಯುತ್ತವೆ, ಕ್ಯಾಲ್ಸಿಯಂ ತಡೆಯುತ್ತದೆ, ನಿಂಬೆಯ ಹುಳಿ ನೆರವಾಗುತ್ತದೆ. ಈ ನಾಲ್ಕು ಮಾತು ಜೊತೆಗಿಲ್ಲದಿದ್ದರೆ ಮಾತ್ರೆಯ ಅರ್ಧ ಗುಣ ಹೋದಂತೆಯೇ. ಹೀಗಿದ್ದೂ ಮಾತನ್ನು ನಾವು ಚಿಕಿತ್ಸೆಯ ಲೆಕ್ಕಕ್ಕೆ ಹಿಡಿದೇ ಇಲ್ಲ. ಅದು ಸಿಸ್ಟರ್ ಅವರ ಒಳ್ಳೆಯತನಕ್ಕೆ, ಆ ದಿನದ ಅವರ ಮನಸ್ಸಿಗೆ ಬಿಟ್ಟ ವಿಷಯವಾಗಿ ಉಳಿದಿದೆ. ಇಪ್ಪತ್ತು ವರ್ಷದ ಲೆಕ್ಕದಲ್ಲಿ ನನಗೆ ಕಾಣುವ ದೊಡ್ಡ ತಪ್ಪು ಇದು.

ಹಿಂದೆ ಹೀಗಿರಲಿಲ್ಲ ಎಂದು ಹೇಳುವವರಿದ್ದಾರೆ. ಸೂಲಗಿತ್ತಿ ಮಾತಾಡುತ್ತಿದ್ದಳು, ನಿಜ. ಮಾತೇ ಅವಳ ಅರ್ಧ ವಿದ್ಯೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರೆಂದು ಹೇಳುತ್ತಾರೆ. ಅಜ್ಜಿಯಿಂದ ಕಲಿತ ವಿದ್ಯೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಅಂಥವರು ಬಸುರಿಯ ಮನೆಯನ್ನು ಬಲ್ಲವರು. ಗಂಡ ಕುಡಿಯುತ್ತಾನೋ, ಅತ್ತೆ ಊಟಕ್ಕೆ ಹಾಕುತ್ತಾಳೋ, ಹಿಂದಿನ ಹೆರಿಗೆಯಲ್ಲಿ ಏನಾಗಿತ್ತು ಎಂಬುದು ಕೇಳದೆಯೇ ಗೊತ್ತಿರುತ್ತಿತ್ತು. ಆದರೆ ಆ ಕಾಲವನ್ನು ಚಿನ್ನದ ಕಾಲ ಎನ್ನಲು ನನಗೆ ಮನಸ್ಸು ಬಾರದು. ರಕ್ತಸ್ರಾವ ನಿಲ್ಲದಿದ್ದಾಗ, ಮೈ ಸೆಳೆದುಕೊಂಡು ಬಿದ್ದಾಗ ಸೂಲಗಿತ್ತಿಯ ಕೈಯಲ್ಲಿ ಔಷಧ ಇರಲಿಲ್ಲ. ಒಳ್ಳೆಯ ಮಾತಿನ ನಡುವೆಯೇ ಎಷ್ಟೋ ತಾಯಂದಿರು ಹೋದರು. ನಾವು ಮನೆಯಿಂದ ಆಸ್ಪತ್ರೆಗೆ ಬಂದದ್ದು ಸರಿಯಾದ ದಾರಿಯೇ. ಬರುವಾಗ ಮಾತನ್ನು ಹೊಸ್ತಿಲ ಆಚೆಯೇ ಬಿಟ್ಟು ಬಂದೆವು.

ಸೂಲಗಿತ್ತಿಯ ಜಾಗಕ್ಕೆ ಬಂದವರು ಎಎನ್‌ಎಂ ಸಿಸ್ಟರ್. ಕಾಗದದಲ್ಲಿ ಅವರ ಹೆಸರು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂದಿತ್ತು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ. ಜನರ ಬಾಯಲ್ಲಿ ಇಂದಿಗೂ ಸಿಸ್ಟರ್, ನರ್ಸಮ್ಮ. ಎಎನ್‌ಎಂ ಎಂಬ ಮೂರಕ್ಷರದ ಕೊನೆಯ ಅಕ್ಷರ ಮಿಡ್‌ವೈಫ್ ಎಂಬುದಕ್ಕೆ, ಅಂದರೆ ಹೆರಿಗೆ ಮಾಡಿಸುವವಳು ಎಂಬುದಕ್ಕೆ ನಿಂತಿದೆ. ಅದನ್ನು ನಾವು ಬಹಳ ಹಿಂದೆಯೇ ಮರೆತೆವು. 1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಇವರನ್ನು ಎಲ್ಲ ಕೆಲಸಕ್ಕೂ ಒದಗುವ ವಿವಿಧೋದ್ದೇಶ ಕಾರ್ಯಕರ್ತೆಯರನ್ನಾಗಿ ಮಾಡಬೇಕೆಂದಿತು. ತರಬೇತಿ ಎರಡು ವರ್ಷದಿಂದ ಒಂದೂವರೆ ವರ್ಷಕ್ಕೆ ಇಳಿಯಿತು. ಹೆರಿಗೆಯ ಕಲಿಕೆ ಕುಗ್ಗಿತು, ಲಸಿಕೆ, ಮಲೇರಿಯಾ, ಕುಟುಂಬ ಯೋಜನೆ ತುಂಬಿಕೊಂಡವು. 1996ರಲ್ಲಿ ಕುಟುಂಬ ಯೋಜನೆಯ ಗುರಿ ಪದ್ಧತಿಯನ್ನು ಕೈಬಿಡುವವರೆಗೆ ಸಿಸ್ಟರ್ ಮನೆ ಬಾಗಿಲಿಗೆ ಬಂದರೆ ಹೆಂಗಸರು ಹಿತ್ತಲ ಕಡೆಯಿಂದ ಜಾರಿಕೊಳ್ಳುತ್ತಿದ್ದರು. ಬಂದವರು ಕೇಳುವುದು "ಆಪರೇಷನ್ ಯಾವಾಗ ಮಾಡಿಸ್ಕೋತೀಯಾ" ಎಂಬುದನ್ನೇ ಎಂದು ಊರಿಗೆಲ್ಲ ಗೊತ್ತಿತ್ತು. ಒಂದು ಇಡೀ ತಲೆಮಾರಿನ ಸಿಸ್ಟರ್‌ಗಳಿಗೆ ಇಲಾಖೆ ಕಲಿಸಿದ ಮಾತು ಅದೊಂದೇ. ಆ ಅಪನಂಬಿಕೆಯನ್ನು ತೊಳೆಯಲು ಆಶಾ ಅಕ್ಕಂದಿರು ಬರಬೇಕಾಯಿತು. ಅವರು ಅದೇ ಊರಿನ ಸೊಸೆಯರು, ಬಸುರಿಯನ್ನು ಹೆಸರು ಹಿಡಿದು ಕರೆಯುವವರು. ಆಸ್ಪತ್ರೆಯ ಹೆರಿಗೆ 65ರಿಂದ 97ಕ್ಕೆ ಏರಿದ್ದರ ಹಿಂದೆ ಹಣ, ಆಂಬುಲೆನ್ಸುಗಳಷ್ಟೇ ಇವರ ಮಾತೂ ಇದೆ ಎಂಬುದು ನನ್ನ ನಂಬಿಕೆ.

ಬಸುರಿಗೆ ತೃಪ್ತಿಯಾಯಿತೇ ಎಂದು ತಿಳಿಯುವುದು ಹೇಗೆ? ಕೇಳಿದರೆ ಬಹುತೇಕ ಎಲ್ಲರೂ "ಚೆನ್ನಾಗಿ ನೋಡ್ಕೊಂಡ್ರು" ಎಂದೇ ಹೇಳುತ್ತಾರೆ. ಈ ಉತ್ತರವನ್ನು ನಂಬುವ ಮೊದಲು ಸ್ವಲ್ಪ ಯೋಚಿಸಬೇಕು. ಮುಂದಿನ ತಿಂಗಳು ಮತ್ತೆ ಅದೇ ಮೇಜಿನ ಮುಂದೆ ನಿಲ್ಲಬೇಕಾದವಳು ದೂರು ಹೇಳುವುದಿಲ್ಲ. ಬೈಗುಳವಿಲ್ಲದೆ ಹೊರಬಂದರೆ ಸಾಕು ಎಂದು ಹೋದವಳಿಗೆ ಬೈಯದಿರುವುದೇ ತೃಪ್ತಿ. "ಮಲಗೋವಾಗ ಗೊತ್ತಾಗಲಿಲ್ವಾ, ಈಗ ಯಾಕೆ ಕಿರುಚ್ತೀಯಾ" ಎಂಬ ಮಾತನ್ನು ಹೆರಿಗೆ ಕೋಣೆಯಲ್ಲಿ ಕೇಳಿಸಿಕೊಂಡ ತಾಯಂದಿರು ನಮ್ಮ ಪ್ರತಿ ಊರಿನಲ್ಲೂ ಸಿಗುತ್ತಾರೆ. ಆ ಮಾತು ಮುಂದಿನ ಬಸುರಿಯ ಕಿವಿಗೆ ಬಾವಿಕಟ್ಟೆಯಲ್ಲೋ ನಲ್ಲಿಯ ಹತ್ತಿರವೋ ತಲುಪುತ್ತದೆ. ಅವಳು ತಪಾಸಣೆಗೆ ಕಾಲಿಡುವ ಮೊದಲೇ ಕುಗ್ಗಿರುತ್ತಾಳೆ. 2010ರಲ್ಲಿ ಡಯಾನಾ ಬೌಸರ್ ಮತ್ತು ಕ್ಯಾಥ್ಲೀನ್ ಹಿಲ್ ಜಗತ್ತಿನ ಆಸ್ಪತ್ರೆಗಳಲ್ಲಿ ಹೆರಿಗೆಯ ಹೊತ್ತಿನಲ್ಲಿ ನಡೆಯುವ ಅವಮಾನಗಳನ್ನು ಒಟ್ಟುಗೂಡಿಸಿ ಏಳು ಬಗೆಯಾಗಿ ವಿಂಗಡಿಸಿದರು. ಹೊಡೆತ, ಒಪ್ಪಿಗೆ ಕೇಳದಿರುವುದು, ಗುಟ್ಟು ಕಾಪಾಡದಿರುವುದು, ಒಂಟಿಯಾಗಿ ಬಿಟ್ಟುಹೋಗುವುದು ಇವುಗಳ ಸಾಲಿನಲ್ಲಿ ಘನತೆ ಕಳೆಯುವ ನಡವಳಿಕೆಯೂ ಒಂದು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಹೆಣ್ಣಿನ ಹಕ್ಕಿನ ಪ್ರಶ್ನೆ ಎಂದು ಹೇಳಿಕೆ ಹೊರಡಿಸಿತು.

ಅದೇ ಸಂಸ್ಥೆ 2016ರಲ್ಲಿ ಬಸುರಿಯರ ತಪಾಸಣೆಯ ಹೊಸ ಮಾರ್ಗಸೂಚಿ ತಂದಾಗ ಎರಡು ಬದಲಾವಣೆ ಮಾಡಿತು. ನಾಲ್ಕು ಬಾರಿ ಸಾಕು ಎಂದಿದ್ದದ್ದನ್ನು ಎಂಟಕ್ಕೆ ಏರಿಸಿತು. ಎಲ್ಲರ ಗಮನ ಹೋದದ್ದು ಅದರ ಮೇಲೆ. ಇನ್ನೊಂದು ಬದಲಾವಣೆ ಪದದ್ದು. 'ವಿಸಿಟ್' ಎಂಬ ಪದವನ್ನು ತೆಗೆದು 'ಕಾಂಟ್ಯಾಕ್ಟ್' ಎಂದು ಬರೆದರು. ಬಂದು ಹೋಗುವುದು ಬೇರೆ, ಬಸುರಿಗೂ ಅವಳನ್ನು ನೋಡುವವರಿಗೂ ನಡುವೆ ಒಡನಾಟ ಬೆಳೆಯುವುದು ಬೇರೆ ಎಂಬುದಕ್ಕಾಗಿಯೇ ಆ ಪದ. ನಮ್ಮ ರಿಜಿಸ್ಟರುಗಳಲ್ಲಿ ನಾವು ಎಣಿಸುವುದು ಇಂದಿಗೂ ಬಂದು ಹೋದದ್ದನ್ನು.

ಒಡನಾಟಕ್ಕೆ ಏನಾದರೂ ಬೆಲೆ ಇದೆಯೇ ಎಂದು ಕೇಳುವವರಿಗೆ ನಮ್ಮದೇ ನೆಲದ ಒಂದು ಪ್ರಯೋಗವಿದೆ. 2014ರಿಂದ ಎರಡು ವರ್ಷ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಆಶಾ ಮತ್ತು ಎಎನ್‌ಎಂಗಳು ಬಸುರಿಯರ ಮನೆಗೇ ಹೋಗಿ ಬಿಪಿ ನೋಡಿ, ಅಪಾಯದ ಲಕ್ಷಣ ವಿಚಾರಿಸಿ, ಬೇಕಾದವರನ್ನು ಆಸ್ಪತ್ರೆಗೆ ಕಳಿಸುವ ಕ್ಲಿಪ್ ಎಂಬ ಅಧ್ಯಯನ ನಡೆಯಿತು. ಪಾಕಿಸ್ತಾನ, ಮೊಜಾಂಬಿಕ್‌ಗಳಲ್ಲೂ ಇದೇ ನಡೆದಿತ್ತು. ಒಟ್ಟಾರೆ ಹಳ್ಳಿಗಳನ್ನು ಹೋಲಿಸಿದಾಗ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ಇದನ್ನು ಮುಚ್ಚಿಡಬಾರದು. ಆದರೆ ಮೂರೂ ದೇಶದ ಲೆಕ್ಕ ಸೇರಿಸಿ ನೋಡಿದಾಗ ಎಂಟು ಮತ್ತು ಅದಕ್ಕಿಂತ ಹೆಚ್ಚು ಬಾರಿ ಕಾರ್ಯಕರ್ತೆ ಭೇಟಿಯಾದ ತಾಯಂದಿರ ಪರಿಸ್ಥಿತಿ ಉತ್ತಮವಾಗಿತ್ತು. ಒಂದೆರಡು ಸಲ ಬಂದು ಹೋದದ್ದು ಸಾಲಲಿಲ್ಲ. ಇನ್ನು ಬೇರೆ ದೇಶಗಳಲ್ಲಿ, ಬಸುರಿನ ಆರಂಭದಿಂದ ಬಾಣಂತನದವರೆಗೆ ಪರಿಚಿತ ಮಿಡ್‌ವೈಫ್ ಒಬ್ಬರೇ ಜೊತೆಗಿದ್ದಾಗ ತಾಯಂದಿರ ತೃಪ್ತಿ ಹೆಚ್ಚು ಎಂದು ಅನೇಕ ಅಧ್ಯಯನಗಳನ್ನು ಒಟ್ಟುಮಾಡಿದ ಕಾಕ್ರೇನ್ ವಿಮರ್ಶೆ ಹೇಳಿದೆ.

ಇದಕ್ಕೆ ತಿರುಗುಮುರುಗಾದ ಪಾಠವೂ ನಮ್ಮಲ್ಲಿದೆ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರು ಐಐಎಂನ ಗೀತಾ ಸೇನ್, ಅದಿತಿ ಅಯ್ಯರ್ ಮತ್ತವರ ತಂಡ ತಾಯಂದಿರ ಸಾವುಗಳನ್ನು ವರ್ಷಗಟ್ಟಲೆ ಕೆದಕಿ ನೋಡಿತು. ಒಂದೇ ಸಾವಿನ ಬಗ್ಗೆ ಮನೆಯವರು ಹೇಳುವ ಕಥೆ ಬೇರೆ, ಸಿಬ್ಬಂದಿ ಹೇಳುವ ಕಥೆ ಬೇರೆ ಇರುತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೇ ನಿಜ ಹೊರಬರುವುದು. ಸಾವಿನ ನಂತರ ಇಷ್ಟು ಕಾಳಜಿಯಿಂದ ಕೇಳಿಸಿಕೊಳ್ಳುವ ಕೆಲಸವನ್ನು ಬದುಕಿರುವಾಗಲೇ ಮಾಡಬಹುದಿತ್ತಲ್ಲ ಎಂದು ಅದನ್ನು ಓದುವಾಗ ಸಂಕಟವಾಗುತ್ತದೆ.

ಮಾತಿನ ಕೊರತೆಯ ಜೊತೆಗೆ ಭಾಷೆಯ ತೊಡಕೂ ಇದೆ, ಕನ್ನಡದೊಳಗೇ ಇದೆ. ನಮ್ಮ ಇಲಾಖೆಯ ಕನ್ನಡದಲ್ಲಿ ಹೆಚ್ಚು ನಿಗಾ ಬೇಕಾದ ಬಸುರಿಗೆ 'ಗಂಡಾಂತರ ಗರ್ಭಿಣಿ' ಎನ್ನುತ್ತಾರೆ. ಈ ಪದವನ್ನು ಒಬ್ಬ ಬಸುರಿಯ ಮುಂದೆ ಹೇಳಿ ನೋಡಿ. ಗಂಡಾಂತರ ಎಂದರೆ ಜಾತಕದಲ್ಲಿ ಬರುವ ಮಾತು, ಸಾವಿನ ಅಂಚು. ರಕ್ತ ಸ್ವಲ್ಪ ಕಡಿಮೆ ಇದ್ದವಳಿಗೂ ಅದೇ ಪದ, ಮೊದಲ ಹೆರಿಗೆ ಸಿಸೇರಿಯನ್ ಆದವಳಿಗೂ ಅದೇ ಪದ. ಕೇಳಿದವಳು ದೇವರ ಮೊರೆ ಹೋಗುತ್ತಾಳೆ, ಇಲ್ಲವೇ ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಹೋಗುತ್ತಾಳೆ. 'ನಿನ್ನನ್ನು ಸ್ವಲ್ಪ ಹೆಚ್ಚು ಜೋಪಾನವಾಗಿ ನೋಡ್ಕೋಬೇಕಮ್ಮ' ಎಂದರೆ ಅರ್ಥವೂ ಉಳಿಯುತ್ತದೆ, ಜೀವವೂ ನಡುಗುವುದಿಲ್ಲ. ಗೋಡೆಯ ಪೋಸ್ಟರಿನಲ್ಲಿ 'ದೃಷ್ಟಿ ಮಂಜಾಗುವಿಕೆ', 'ಸೆಳವು', 'ಭ್ರೂಣದ ಚಲನೆ ಕುಂಠಿತ' ಎಂದಿರುತ್ತದೆ. ಹೆಂಗಸರು ಆಡುವುದು ಬೇರೆ: ಕಣ್ಣು ಕತ್ತಲೆ ಬರುತ್ತೆ, ಮೈ ಸೆಟೆದುಕೊಳ್ತು, ಮಗು ಯಾಕೋ ಆಡ್ತಿಲ್ಲ. ಉತ್ತರ ಕರ್ನಾಟಕದಲ್ಲಿ ಬಸುರಿಗೆ 'ಹೊಟ್ಟೀಲೆ ಅದಾಳ' ಎನ್ನುತ್ತಾರೆ. ಕಲಬುರಗಿಯ ತಾಂಡಾದಲ್ಲಿ ಮನೆಮಾತು ಲಂಬಾಣಿ, ಕರಾವಳಿಯಲ್ಲಿ ತುಳು, ಬ್ಯಾರಿ, ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡುಗಳಲ್ಲಿ ತೆಲುಗು, ಹಿಂದಿ, ಬಂಗಾಳಿ. ರಾಯಚೂರು, ಯಾದಗಿರಿಯಿಂದ ಗುಳೆ ಬಂದವಳಿಗೆ ಬೆಂಗಳೂರಿನ ಸಿಸ್ಟರ್ ಕನ್ನಡವೂ ಅರ್ಧಂಬರ್ಧ. ಅವಳೂ ಎಲ್ಲದಕ್ಕೂ "ಹೂಂ" ಎನ್ನುತ್ತಾಳೆ.

ಹಳೆಯ ಸಿಸ್ಟರ್ ಒಬ್ಬರನ್ನು ನಾನು ಬಲ್ಲೆ, ಈಗ ನಿವೃತ್ತರು. ಕಡೆ ಮುಟ್ಟಿನ ತಾರೀಖು ಕೇಳಬೇಕಾದಾಗ ಅವರು ತಾರೀಖನ್ನು ಕೇಳುತ್ತಲೇ ಇರಲಿಲ್ಲ. ಗೋಡೆಯ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತುಹಾಕಿಕೊಂಡು, "ಗೌರಿ ಹಬ್ಬಕ್ಕೆ ಮುಂಚೇನೋ ಆಮೇಲೋ?" ಎಂದು ಶುರುಮಾಡುತ್ತಿದ್ದರು. "ಆಮೇಲೆ ಸಿಸ್ಟರ್. ಪಿತೃಪಕ್ಷದಲ್ಲಿ ನಮ್ಮ ಮಾವನ ಎಡೆ ಇಡೋ ದಿನ ನಾನು ಹೊರಗಾಗಿದ್ದೆ, ಅಡಿಗೆ ನಮ್ಮ ಓರಗಿತ್ತಿ ಮಾಡಿದ್ಲು." ಅಲ್ಲಿಗೆ ತಾರೀಖು ಸಿಕ್ಕಿತು. ಆ ತಾರೀಖಿನ ಮೇಲೆಯೇ ಹೆರಿಗೆಯ ದಿನ, ಸ್ಕ್ಯಾನಿನ ವಾರ, ತಿಂಗಳು ತುಂಬಿತೋ ಇಲ್ಲವೋ ಎಂಬ ತೀರ್ಮಾನ ಎಲ್ಲ ನಿಂತಿರುವುದು. ಅಂದಾಜಿಗೊಂದು ತಾರೀಖು ಬರೆದುಕೊಂಡರೆ ಒಂಬತ್ತು ತಿಂಗಳ ಲೆಕ್ಕವೇ ತಪ್ಪುತ್ತದೆ. ಆ ಸಿಸ್ಟರ್‌ಗೆ ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಅವರ ನಿವೃತ್ತಿಯ ಜೊತೆಗೆ ಆ ವಿದ್ಯೆಯೂ ಎದ್ದು ಹೋಯಿತು.

ಖಾಸಗಿಯಲ್ಲಿ ಎಲ್ಲ ಸರಿಯಿದೆ ಎಂದು ಯಾರೂ ಅಂದುಕೊಳ್ಳಬಾರದು. ನನ್ನ ತಂಗಿಗೆ ಐದನೇ ತಿಂಗಳ ಸ್ಕ್ಯಾನ್ ನಗರದ ದೊಡ್ಡ ಆಸ್ಪತ್ರೆಯೊಂದರಲ್ಲಿ ಆಯಿತು. ಸ್ಕ್ಯಾನ್ ಮಾಡಿದವರು ಒಂದೂ ಮಾತಾಡದೆ ಪರದೆ ನೋಡಿದರು, "ಪ್ಲಾಸೆಂಟಾ ಲೋ ಲೈಯಿಂಗ್" ಎಂದು ಪಕ್ಕದವರಿಗೆ ಬರೆಸಿದರು, ಹೊರಗೆ ಕಳಿಸಿದರು. ರಾತ್ರಿಯಿಡೀ ಅವಳು ನಿದ್ದೆಯಿಲ್ಲದೆ ಫೋನಿನಲ್ಲಿ ಹುಡುಕಿ ಅತ್ತಳು. ಮಾಸು ಸ್ವಲ್ಪ ಕೆಳಗಿದೆ, ಈ ತಿಂಗಳಲ್ಲಿ ಹಲವರಿಗೆ ಹೀಗಿರುತ್ತದೆ, ಗರ್ಭ ಬೆಳೆದಂತೆ ಬಹುಪಾಲು ಮೇಲೆ ಸರಿಯುತ್ತದೆ, ರಕ್ತ ಕಂಡರೆ ಮಾತ್ರ ತಕ್ಷಣ ಬನ್ನಿ ಎಂದು ಮರುದಿನ ಅವಳಿಗೆ ತಿಳಿಹೇಳಿದ್ದು ನಮ್ಮೂರಿನ ಉಪಕೇಂದ್ರದ ಸಿಸ್ಟರ್, ಫೋನಿನಲ್ಲಿ. 2019-21ರ ಸಮೀಕ್ಷೆಯ ಹೊತ್ತಿಗೆ ರಾಜ್ಯದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆಗಳು ಸಿಸೇರಿಯನ್ ಆಗುತ್ತಿದ್ದವು, ಖಾಸಗಿಯಲ್ಲಿ ಅರ್ಧಕ್ಕೂ ಹೆಚ್ಚು. ಯಾಕೆ ಕೊಯ್ದರು ಎಂದು ಈ ತಾಯಂದಿರನ್ನು ಕೇಳಿ. "ನೀರು ಕಡಿಮೆ ಅಂದ್ರು", "ಕರುಳು ಸುತ್ತಿತ್ತು ಅಂದ್ರು" ಎಂಬುದಕ್ಕಿಂತ ಮುಂದೆ ಹೇಳಬಲ್ಲವರು ಕಡಿಮೆ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟಲಿಗಳ ಮೇಲೆ ಅನುಮಾನ ಎದ್ದಾಗ ರಾಜ್ಯದ ಬಸುರಿಯರೆಲ್ಲ ಟಿವಿ ಮುಂದೆ ಕುಳಿತಿದ್ದರು. ಅಂಥ ಹೊತ್ತಿನಲ್ಲಿ ಸುದ್ದಿ ಮನೆಮನೆಗೂ ಹೋಗುತ್ತದೆ. ಅದಕ್ಕೆ ಉತ್ತರ ಹೇಳಬೇಕಾದವರು ಯಾರು? ವಿಧಾನಸೌಧದ ಹೇಳಿಕೆ ಬಸುರಿಯ ಕಿವಿಗೆ ಬೀಳುವುದಿಲ್ಲ. ಅವಳು ಕೇಳುವುದು ಆಶಾ ಅಕ್ಕನನ್ನು, ಸಿಸ್ಟರನ್ನು. ಅವರಿಗೆ ಏನು ಹೇಳಬೇಕೆಂದು ತಿಳಿಸುವ ವ್ಯವಸ್ಥೆ ನಮ್ಮಲ್ಲಿ ಇಲ್ಲ.

ಇದನ್ನೆಲ್ಲ ಓದಿ ಯಾರಾದರೂ ಸಿಸ್ಟರ್‌ಗಳ ಮೇಲೆ ಬೆರಳು ತೋರಿಸಿದರೆ ನಾನು ಒಪ್ಪುವುದಿಲ್ಲ. ಬಯಲು ಸೀಮೆಯಲ್ಲಿ ಒಂದು ಉಪಕೇಂದ್ರಕ್ಕೆ ಐದು ಸಾವಿರ ಜನ ಎಂಬುದು ನಿಯಮ. ಎಷ್ಟೋ ಕಡೆ ಹುದ್ದೆ ಖಾಲಿ ಇದ್ದು ಪಕ್ಕದ ಉಪಕೇಂದ್ರದ ಭಾರವೂ ಒಬ್ಬರ ತಲೆಯ ಮೇಲೆ. ರಿಜಿಸ್ಟರಿನಲ್ಲಿ ಬರೆದದ್ದನ್ನೇ ಆರ್‌ಸಿಎಚ್ ಪೋರ್ಟಲ್‌ಗೆ ತುಂಬಬೇಕು, ಅದನ್ನೇ ಮತ್ತೊಂದು ಆ್ಯಪ್‌ನಲ್ಲಿ ಹಾಕಬೇಕು, ನೆಟ್‌ವರ್ಕ್ ಸಿಗದಿದ್ದರೆ ರಾತ್ರಿ ಮನೆಯ ಮಾಳಿಗೆ ಹತ್ತಿ ಹಾಕಬೇಕು. ತಿಂಗಳ ಸಭೆಯಲ್ಲಿ ಮೇಲಿನವರು ಕೇಳುವುದು ಎಷ್ಟು ನೋಂದಣಿ, ಎಷ್ಟು ಚುಚ್ಚುಮದ್ದು, ಎಷ್ಟು ಎಂಟ್ರಿ ಬಾಕಿ ಎಂದು. ಆ ಸಭೆಗಳಲ್ಲಿ ಅವರಿಗೆ ಸಿಗುವ ಮಾತಿನ ಧಾಟಿಯೇ ಕೆಳಗೆ ಬಸುರಿಯವರೆಗೂ ಹರಿದುಬರುತ್ತದೆ. ರಾಜ್ಯದ 40 ಸಾವಿರಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರ ಪೈಕಿ ಸಾವಿರಾರು ಮಂದಿ 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕುಳಿತಿದ್ದರು. ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆಗೆ ಅಷ್ಟು ಮಾಡಬೇಕಾಯಿತು. ಬಸುರಿಯ ಮಾತನ್ನು ತಾಳ್ಮೆಯಿಂದ ಕೇಳು ಎಂದು ನಾವು ಹೇಳುತ್ತಿರುವುದು ತಮ್ಮ ಮಾತನ್ನು ಯಾರೂ ಕೇಳದ ಹೆಂಗಸರಿಗೆ.

ಹಾಗಾದರೆ ಏನು ಮಾಡಬೇಕು? ದಿನವಿಡೀ 'ಸಂವಹನ ಕೌಶಲ' ಎಂಬ ಸ್ಲೈಡ್ ತೋರಿಸಿ ಊಟ ಹಾಕಿ ಕಳಿಸುವ ತರಬೇತಿಗಳಿಂದ ಏನೂ ಆಗದು, ಅದನ್ನು ನೋಡಿಯಾಗಿದೆ. ಮೊದಲು ಕಾಗದ ಇಳಿಯಬೇಕು. ಒಂದೇ ವಿವರವನ್ನು ಮೂರು ಕಡೆ ಬರೆಸುವುದು ನಿಂತರೆ ಪ್ರತಿ ಬಸುರಿಗೂ ಐದು ನಿಮಿಷ ತಾನಾಗಿ ಸಿಗುತ್ತದೆ. ಒಂಬತ್ತನೇ ತಾರೀಖಿನ ಜಾತ್ರೆಯಲ್ಲಿ ಮಾತು ಹುಟ್ಟುವುದಿಲ್ಲ. ಆ ದಿನ ಡಾಕ್ಟರ್ ತಪಾಸಣೆ ನಡೆಯಲಿ, ಆದರೆ ಪಕ್ಕದಲ್ಲೊಂದು ಪರದೆ ಕಟ್ಟಿದ ಮೂಲೆ ಇರಲಿ. ಗಂಡನ ಹೊಡೆತದ ಬಗ್ಗೆ, ಬಿಳಿ ಹೋಗುವುದರ ಬಗ್ಗೆ, ಹಿಂದೆ ಹೋದ ಮಗುವಿನ ಬಗ್ಗೆ ಇಪ್ಪತ್ತು ಜನರ ಸಾಲಿನಲ್ಲಿ ನಿಂತು ಯಾವ ಹೆಣ್ಣೂ ಬಾಯಿ ಬಿಡುವುದಿಲ್ಲ. ಆರೋಗ್ಯ ಇಲಾಖೆ ತನ್ನ ಪದಕೋಶವನ್ನು ಒಮ್ಮೆ ಹೆಂಗಸರ ಮುಂದೆ ಓದಿ ತಿದ್ದಿಕೊಳ್ಳಲಿ, 'ಗಂಡಾಂತರ'ದಿಂದಲೇ ಶುರುಮಾಡಲಿ. ಮತ್ತು "ಅರ್ಥ ಆಯ್ತಾ?" ಎಂದು ಕೇಳುವ ಅಭ್ಯಾಸ ಹೋಗಲಿ. ಅದಕ್ಕೆ ಬರುವ ಉತ್ತರ ಒಂದೇ. "ಮನೆಗೆ ಹೋಗಿ ನಿಮ್ಮತ್ತೆಗೆ ಇದನ್ನ ಹೇಗೆ ಹೇಳ್ತೀಯಾ, ಹೇಳು ನೋಡೋಣ" ಎಂದು ಕೇಳಿದರೆ ಏನು ತಲುಪಿತು, ಏನು ತಲುಪಲಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಇನ್ನೂ ದೂರದ ಕೆಲಸವೊಂದಿದೆ. ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ತಂದು, ನರ್ಸ್‌ಗಳಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿ ಕೊಟ್ಟು ನರ್ಸ್ ಪ್ರಾಕ್ಟೀಷನರ್ ಎಂಬ ಹೊಸ ವರ್ಗ ಕಟ್ಟಲು ಹೊರಟಿತು. ಅದಕ್ಕೂ ಮೊದಲೇ ನೆರೆಯ ತೆಲಂಗಾಣ ಇಂಥ ತರಬೇತಿ ಶುರುಮಾಡಿತ್ತು. ಸಹಜ ಹೆರಿಗೆಯನ್ನು ಪೂರ್ತಿಯಾಗಿ ಇವರ ಕೈಗೆ ಕೊಡುವುದು, ಗೌರವದಿಂದ ನಡೆದುಕೊಳ್ಳುವುದನ್ನು ಪಠ್ಯದ ಭಾಗವೇ ಮಾಡುವುದು ಅದರ ಆಶಯ. ಕರ್ನಾಟಕದಲ್ಲಿ ಇದು ಹಳ್ಳಿಯ ಬಸುರಿಗೆ ಕಾಣುವಷ್ಟು ಇನ್ನೂ ಬೆಳೆದಿಲ್ಲ. ಬೆಳೆಯಬೇಕು. ಎಎನ್‌ಎಂ ಹೆಸರಿನ ಕೊನೆಯ ಅಕ್ಷರಕ್ಕೆ ಐವತ್ತು ವರ್ಷದ ಹಿಂದೆ ಹೋದ ಜೀವ ಮರಳಿ ಬರುವ ದಾರಿ ಇದೊಂದೇ ಎಂದು ನನಗನ್ನಿಸುತ್ತದೆ.

ಆ ಒಂಬತ್ತನೇ ತಾರೀಖು ಸಾಲು ಕರಗಿದ ಮೇಲೆ ನಾನು ಸಿಸ್ಟರ್ ಬಳಿ ಹೋಗಿ ಹೊಂಗೆ ಮರದ ಕೆಳಗೆ ಕೂತವಳ ಪ್ರಶ್ನೆಯನ್ನು ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. "ಅಯ್ಯೋ, ನಾನು ಹೇಳಲೇ ಇಲ್ವಾ?" ಎಂದು ಎದ್ದು ತಾವೇ ಹೊರಗೆ ಬಂದರು. ಕಟ್ಟೆಯ ಮೇಲೆ ಅವಳ ಪಕ್ಕ ಕುಳಿತು ಕಾರ್ಡ್ ತೆಗೆದುಕೊಂಡರು. ಹಿಂಬದಿಯ ಖಾಲಿ ಜಾಗದಲ್ಲಿ ಒಂದು ಚಂದ್ರನನ್ನು ಬರೆದು ಪಕ್ಕದಲ್ಲಿ ಕೆಂಪು ಮಾತ್ರೆ, ಒಂದು ಸೂರ್ಯನನ್ನು ಬರೆದು ಪಕ್ಕದಲ್ಲಿ ಬಿಳಿ ಮಾತ್ರೆ ಗುರುತು ಹಾಕಿದರು. ಅದರ ಕೆಳಗೆ ತಮ್ಮ ಫೋನ್ ನಂಬರ್ ಬರೆದರು. ಕೆಂಪು ಚೀಟಿ ಯಾಕೆಂದು ಹೇಳಿದರು. ಬಸ್ಸಿಗೆ ಇನ್ನೂ ಹೊತ್ತಿತ್ತು. ಆ ಹೆಣ್ಣುಮಗಳು ಸೆರಗು ಸರಿಮಾಡಿಕೊಂಡು, ದನಿ ತಗ್ಗಿಸಿ, "ಸಿಸ್ಟರ್, ಇನ್ನೊಂದು ಕೇಳ್ಬೇಕಿತ್ತು" ಎಂದಳು. ನಾನು ಎದ್ದು ಆಚೆ ಹೋದೆ.